ಹಸಿರು ಅಕ್ರೋಟೂ ಅಯೊಡೀನಿನ ಬಣ್ಣವೂ

ನಮ್ಮ ಅಂಗಡಿಗಳಲ್ಲಿ ದ್ರಾಕ್ಷಿ, ಬಾದಾಮಿಗಳ ಜೊತೆಗೆ ದೊರೆಯುವ ಅಕ್ರೋಟನ್ನು ಮಾತ್ರ ಕಂಡವರಿಗೆ ಅದು ಮರದ ಮೇಲೆ ಹೇಗಿರುತ್ತದೆಂಬುದನ್ನು ಊಹಿಸುವುದು ಕಷ್ಟ. ನಾವು ಒಡೆದು ತಿನ್ನುವುದು ಅದರ ಬೀಜವನ್ನು. ಬೀಜವನ್ನು ಕಾಯುವ ಗಟ್ಟಿ ಕರಟದ ಹೊರಗೆ, ಕಾಯಿ ಮರದಲ್ಲಿರುವಷ್ಟು ಕಾಲವೂ, ದಪ್ಪನಾದ ಹಸಿರು ಸಿಪ್ಪೆಯೊಂದು ಇರುತ್ತದೆ. ಜೂನ್ ತಿಂಗಳಿನಲ್ಲಿ ಕರಟವಿನ್ನೂ ಬಲಿತಿರುವುದಿಲ್ಲ. ಕಾಯಿಯ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸೂಜಿಯನ್ನು ಸಲೀಸಾಗಿ ಚುಚ್ಚಬಹುದು. ತೆನೆ ಹಾಲುಗಟ್ಟಿದೆ ಎಂದು ನಮ್ಮ ರೈತರು ಹೇಳುವಂತೆಯೇ ಈ ಹಂತದ ಅಕ್ರೋಟಿಗೆ ರಷ್ಯನರೂ ಹಾಲಿನ ಹೆಸರನ್ನೇ ಹಿಡಿದು ಮಾತನಾಡುತ್ತಾರೆ. ಉಕ್ರೇನ್, ಮಾಲ್ಡೋವಾ, ದಕ್ಷಿಣ ರಷ್ಯ ಮೊದಲಾದ ನಾಡುಗಳಲ್ಲಿ ಇಂಥ ಎಳೆಗಾಯಿಯನ್ನು ಕೊಯ್ದು ಮನೆಮದ್ದು ಮಾಡಿಡುವ ವಾಡಿಕೆ ಬಹಳ ಹಿಂದಿನಿಂದ ನಡೆದುಬಂದಿದೆ.

ಮಾಡುವ ಕ್ರಮವೇನೂ ತೊಡಕಿನದಲ್ಲ. ಕಾಯನ್ನು ಸಿಪ್ಪೆಸಹಿತವಾಗಿ ಅರೆದು, ಅದರ ತೂಕದಷ್ಟೇ ಜೇನುತುಪ್ಪ ಬೆರೆಸಿ ಜಾಡಿಯಲ್ಲಿ ತುಂಬಿಡುವುದು ಒಂದು. ಹೋಳು ಮಾಡಿ ವೋಡ್ಕಾದಲ್ಲಿ ನೆನೆಹಾಕಿ, ದ್ರವವು ಕಪ್ಪಾಗುವವರೆಗೆ ಕೆಲವು ವಾರ ಕತ್ತಲಲ್ಲಿ ಇಡುವುದು ಮತ್ತೊಂದು. ಇಟಲಿಯ ಮೊದೆನಾ ಪ್ರಾಂತದವರು ಜೂನ್ 24ರ ಸಂತ ಯೋಹಾನನ ಹಬ್ಬದ ಸುಮಾರಿಗೆ ಕಾಯಿ ಕಿತ್ತು 'ನೊಚಿನೊ' ಎಂಬ ಕಪ್ಪು ಮದ್ಯವನ್ನು ಸಿದ್ಧಪಡಿಸುತ್ತಾರೆ. ಊಟವಾದ ಮೇಲೆ ಒಂದು ಗುಟುಕು ಕುಡಿದರೆ ಅನ್ನ ಅರಗುತ್ತದೆಂದು ಅವರ ನಂಬಿಕೆ. ಆರ್ಮೇನಿಯದವರು ಇದೇ ಕಾಯನ್ನು ದಿನಗಟ್ಟಲೆ ನೀರು ಬದಲಿಸಿ ಕಹಿ ತೆಗೆದು ಮುರಬ್ಬ ಮಾಡುತ್ತಾರೆ. ಮುರಬ್ಬದ ವಿಷಯದಲ್ಲಿ ನನ್ನ ತಕರಾರೇನೂ ಇಲ್ಲ.

ತಕರಾರು ಇರುವುದು ಮದ್ದಿನ ವಿಷಯದಲ್ಲಿ. ಅದರಲ್ಲಿಯೂ ಒಂದು ವಿಶೇಷ ನಂಬಿಕೆಯ ವಿಷಯದಲ್ಲಿ. ಹಸಿರು ಅಕ್ರೋಟು ಭೇದಿಯನ್ನು ಕಟ್ಟುತ್ತದೆ, ಜಂತುಹುಳುವನ್ನು ಕೊಲ್ಲುತ್ತದೆ, ಚರ್ಮದ ಹುಣ್ಣನ್ನು ಮಾಯಿಸುತ್ತದೆ ಎಂದೆಲ್ಲ ಹೇಳುವುದುಂಟು. ಇವೆಲ್ಲಕ್ಕಿಂತ ಮಿಗಿಲಾಗಿ, ಅದರಲ್ಲಿ ಅಯೊಡೀನ್ ತುಂಬಿಕೊಂಡಿದೆ, ಆದಕಾರಣ ಅದು ಥೈರಾಯ್ಡ್ ಗ್ರಂಥಿಯ ರೋಗಗಳಿಗೆ ಸಿದ್ಧೌಷಧ ಎಂಬ ಮಾತು ಆ ನಾಡುಗಳಲ್ಲಿ ಮನೆಮಾತಾಗಿದೆ. ಈ ಮಾತು ಎಷ್ಟು ನಿಜ?

ಮೊದಲು ಕಾಯಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸೋಣ. ಹಸಿರು ಸಿಪ್ಪೆ ನಿಸ್ಸಾರವಾದ ವಸ್ತುವಲ್ಲ. ಅದರಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ಹೇರಳವಾಗಿದೆ. ಅಡಕೆಯ ಚೊಗರು ನಾಲಗೆಯನ್ನು ಬಿಗಿಹಿಡಿಯುವುದು ಎಲ್ಲರಿಗೂ ಅನುಭವಸಿದ್ಧ. ಭೇದಿಗೆ ಒಗರು ಪದಾರ್ಥವನ್ನು ಕೊಡುವ ಪದ್ಧತಿಗೆ ಇಷ್ಟರಮಟ್ಟಿನ ಆಧಾರ ಉಂಟು. ಮತ್ತೊಂದು ದ್ರವ್ಯ ಇನ್ನೂ ಸ್ವಾರಸ್ಯವಾದುದು. ಸಿಪ್ಪೆಯನ್ನು ಕತ್ತರಿಸಿದೊಡನೆ ಅದರ ಬಣ್ಣವಿಲ್ಲದ ರಸಕ್ಕೆ ಗಾಳಿ ತಗಲಿ 'ಜುಗ್ಲೋನ್' ಎಂಬ ಹಳದಿ ವಸ್ತು ಹುಟ್ಟುತ್ತದೆ. ಬರಬರುತ್ತ ಅದು ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಕೈಗೆ ಹತ್ತಿದರೆ ಸಾಬೂನಿಗೆ ಜಗ್ಗುವುದಿಲ್ಲ. ಚರ್ಮದ ಮೇಲ್ಪದರ ತಾನಾಗಿ ಸವೆದುಹೋಗುವವರೆಗೆ ಕಲೆ ಉಳಿಯುತ್ತದೆ.

ಜುಗ್ಲೋನಿನ ಬಂಧುಗಳು ನಮಗೆ ಅಪರಿಚಿತರಲ್ಲ. ಮದರಂಗಿಯ ಸೊಪ್ಪಿನಿಂದ ಅಂಗೈಗೆ ಕೆಂಪೇರಿಸುವ ಲಾಸೋನ್ ಎಂಬ ವಸ್ತುವಿನ ಅಣುವಿನಲ್ಲಿಯೂ ಜುಗ್ಲೋನಿನ ಅಣುವಿನಲ್ಲಿಯೂ ಇರುವ ಪರಮಾಣುಗಳ ಲೆಕ್ಕ ಒಂದೇ: ಇಂಗಾಲ 10, ಜಲಜನಕ 6, ಆಮ್ಲಜನಕ 3. ಆಮ್ಲಜನಕ ಜಲಜನಕಗಳ ಒಂದು ಜೋಡಿ ಕುಳಿತ ಸ್ಥಳದಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಹಳ್ಳಿಗಳ ಕಡೆ ಬೆಳೆಯುವ ಚಿತ್ರಮೂಲದ ಬೇರಿನಲ್ಲಿರುವ ಪ್ಲಂಬಜಿನ್ ಕೂಡ ಈ ಮನೆತನದ್ದೇ. ಆ ಬೇರನ್ನು ಅರೆದು ಹಚ್ಚಿದರೆ ಚರ್ಮದಲ್ಲಿ ಬೊಕ್ಕೆ ಏಳುತ್ತದೆ. ಜುಗ್ಲೋನ್ ಸಹ ಸಾಧುಪ್ರಾಣಿಯಲ್ಲ. ಅಕ್ರೋಟಿನ ಸಿಪ್ಪೆಯನ್ನು ಜಜ್ಜಿ ಹಳ್ಳಕೊಳ್ಳಗಳಿಗೆ ಹಾಕಿ, ಮತ್ತೇರಿ ತೇಲುವ ಮೀನನ್ನು ಹಿಡಿಯುವ ಉಪಾಯ ಹಿಂದೆ ಹಲವೆಡೆ ರೂಢಿಯಲ್ಲಿತ್ತು. ಪ್ರಯೋಗಶಾಲೆಯಲ್ಲಿ ಅದು ಬೂಷ್ಟನ್ನೂ ಬ್ಯಾಕ್ಟೀರಿಯಗಳನ್ನೂ ತಡೆಯುತ್ತದೆ. ನಮ್ಮ ದೇಹದ ಜೀವಕೋಶಗಳನ್ನು ಬಿಟ್ಟು ಅವುಗಳನ್ನು ಮಾತ್ರ ಬಾಧಿಸುವ ವಿವೇಚನೆ ಅದಕ್ಕಿಲ್ಲ. ಸಿಪ್ಪೆಯ ರಸ ತಗಲಿ ಚರ್ಮ ಉರಿದು ಗುಳ್ಳೆಯೆದ್ದವರೂ ಇದ್ದಾರೆ.

ಎಳೆಗಾಯಿಯ ಮೂರನೆಯ ಗುಣ ಜೀವಸತ್ವ 'ಸಿ'. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಹೊರನಾಡಿನ ಹಣ್ಣು ದುರ್ಲಭವಾಗಿದ್ದ ಇಂಗ್ಲೆಂಡಿನಲ್ಲಿ ರಸಾಯನವಿದರು ಈ ಕಾಯನ್ನು ಪರೀಕ್ಷಿಸಿ, ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು 'ಸಿ' ಇದರಲ್ಲಿರುವುದನ್ನು ಕಂಡರು. ಚಳಿಗಾಲವಿಡೀ ಹಸಿ ತರಕಾರಿ ಕಾಣದ ಹಳ್ಳಿಯಲ್ಲಿ ಜೇನಿನಲ್ಲಿಟ್ಟ ಅಕ್ರೋಟು ಒಂದು ಚಮಚ ತಿಂದವನಿಗೆ ಸ್ವಲ್ಪ ಚೈತನ್ಯ ಬಂದಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ಇನ್ನು ಅಯೊಡೀನ್. ಮೇಲೆ ಹೇಳಿದ ಜುಗ್ಲೋನಿನ ಅಣುವಿನಲ್ಲಿ ಅಯೊಡೀನಿನ ಒಂದು ಪರಮಾಣುವೂ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಹಾಗಾದರೆ ಈ ನಂಬಿಕೆ ಎಲ್ಲಿಂದ ಬಂತು? ನನ್ನ ಅಭಿಪ್ರಾಯದಲ್ಲಿ ಬಣ್ಣದಿಂದ. ಗಾಯಕ್ಕೆ ಹಚ್ಚುವ ಟಿಂಕ್ಚರು ಅಯೊಡೀನಿನ ಕಂದುಗಲೆಗೂ ಅಕ್ರೋಟಿನ ಕಂದುಗಲೆಗೂ ಕಣ್ಣಿನಿಂದ ಭೇದ ತಿಳಿಯುವುದು ಸುಲಭವಲ್ಲ. ಹೋಲಿಕೆಯಿಂದ ಗುಣವನ್ನು ಊಹಿಸುವುದಂತೂ ಮನುಷ್ಯನ ಹಳೆಯ ಚಾಳಿ. ಬೀಜದ ಸುಕ್ಕು ಮಡಿಕೆಗಳು ಮಿದುಳಿನಂತಿವೆ, ಆದ್ದರಿಂದ ಅಕ್ರೋಟು ತಲೆಯ ರೋಗಗಳಿಗೆ ಒಳ್ಳೆಯದೆಂದು ಇಂಗ್ಲೆಂಡಿನ ವಿಲಿಯಂ ಕೋಲ್ಸ್ 1657ರಲ್ಲಿಯೇ ಬರೆದಿದ್ದ. ಹಿಂದೆ ಆಕಾರ ಮಾಡಿದ ಮೋಸವನ್ನು ಈಗ ಬಣ್ಣ ಮಾಡಿದೆ.

ಊಹೆ ಹಾಗಿರಲಿ, ಪ್ರಮಾಣವನ್ನು ಭೂಗೋಳದಲ್ಲಿಯೇ ನೋಡಬಹುದು. ಗಿಡಮರಗಳು ಅಯೊಡೀನನ್ನು ತಾವು ಸೃಷ್ಟಿಸಲಾರವು. ಮಣ್ಣಿನಲ್ಲಿದ್ದರೆ ಅಷ್ಟಿಷ್ಟು ಹೀರಿಕೊಂಡಾವು. ಮಳೆಯೂ ಹಿಮನದಿಗಳೂ ಕೊಚ್ಚಿಹಾಕಿದ ಪರ್ವತಪ್ರದೇಶದ ಮಣ್ಣಿನಲ್ಲಿ ಅದು ತೀರ ಕಡಮೆ. ಭಾರತದಲ್ಲಿ ಅಕ್ರೋಟು ಬೆಳೆಯುವುದು ಎಲ್ಲಿ? ಕಾಶ್ಮೀರದಲ್ಲಿ, ಹಿಮಾಚಲದಲ್ಲಿ, ಕುಮಾಊಂ ಬೆಟ್ಟಗಳಲ್ಲಿ. ಕಾಶ್ಮೀರದಿಂದ ಈಶಾನ್ಯದವರೆಗೆ ಹಿಮಾಲಯದ ಉದ್ದಕ್ಕೂ ಹಬ್ಬಿದ್ದ ಗಳಗಂಡದ ಪಟ್ಟಿಯೂ ಇದೇ ಅಲ್ಲವೆ! ಕುತ್ತಿಗೆಯಲ್ಲಿ ಗಡ್ಡೆ ಹೊತ್ತ ಜನ ಅಕ್ರೋಟಿನ ಮರದ ನೆರಳಿನಲ್ಲಿಯೇ ತಲೆಮಾರುಗಳನ್ನು ಕಳೆದರು. ಆಲ್ಪ್ಸ್ ಕಣಿವೆಗಳ ಕಥೆಯೂ ಬೇರೆಯಲ್ಲ. ಅಲ್ಲಿ ಸ್ವಿಟ್ಜರ್ಲೆಂಡಿನವರು 1922ರಲ್ಲಿ ಉಪ್ಪಿಗೆ ಅಯೊಡೀನ್ ಸೇರಿಸತೊಡಗಿದ ಮೇಲೆ ಗಳಗಂಡ ಇಳಿಮುಖವಾಯಿತು. ನಮ್ಮಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಕಾಂಗ್ಡಾ ಕಣಿವೆಯಲ್ಲಿ ನಡೆಸಿದ ಪ್ರಯೋಗವಂತೂ ಆದರ್ಶಪ್ರಾಯವಾದುದು. ಕಣಿವೆಯನ್ನು ವಲಯಗಳಾಗಿ ವಿಂಗಡಿಸಿ ಕೆಲವು ವಲಯಗಳಿಗೆ ಅಯೊಡೀನ್ ಸೇರಿಸಿದ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. ಕೆಲವೇ ವರ್ಷಗಳಲ್ಲಿ ಮೊದಲಿನ ವಲಯಗಳ ಮಕ್ಕಳಲ್ಲಿ ಗಳಗಂಡ ಗಣನೀಯವಾಗಿ ತಗ್ಗಿತು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮಕ್ಕೆ ಇದೇ ಬುನಾದಿ. ವಯಸ್ಕನಿಗೆ ದಿನವೊಂದಕ್ಕೆ ಬೇಕಾದ ಅಯೊಡೀನ್ 150 ಮೈಕ್ರೋಗ್ರಾಂ ಮಾತ್ರ. ಅಷ್ಟನ್ನೂ ಆ ಮರ ಕೊಡಲಾರದೆ ಹೋಯಿತು. ಚಿಟಿಕೆ ಉಪ್ಪು ಕೊಟ್ಟಿತು.

ಉಕ್ರೇನಿನವರ ಮನಸ್ಸಿನಲ್ಲಿ 'ಅಯೊಡೀನ್' ಎಂಬ ಶಬ್ದಕ್ಕೆ ನಮಗೆ ತಿಳಿಯದ ಒಂದು ಭಾರವುಂಟೆಂಬುದನ್ನು ಮರೆಯಬಾರದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್‌ನ ಅಣುಸ್ಥಾವರ ಸ್ಫೋಟಗೊಂಡು ವಿಕಿರಣಶೀಲ ಅಯೊಡೀನ್ ಗಾಳಿಗೆ ಸೇರಿತು. ಹಾಲಿನ ಮೂಲಕ ಮಕ್ಕಳ ಥೈರಾಯ್ಡ್ ಗ್ರಂಥಿಯನ್ನು ಹೊಕ್ಕಿತು. ನೆರೆಯ ಪೋಲೆಂಡು ಕೆಲವೇ ದಿನಗಳಲ್ಲಿ ಸುಮಾರು 1 ಕೋಟಿ ಮಕ್ಕಳಿಗೆ ಸಾದಾ ಅಯೊಡೀನಿನ ದ್ರಾವಣವನ್ನು ಕುಡಿಸಿ ಗ್ರಂಥಿಗೆ ಮುಂಚಿತವಾಗಿಯೇ ಬಾಗಿಲು ಹಾಕಿತು. ಅಂಥ ಭೀತಿಯನ್ನು ಉಂಡ ಜನರನ್ನು ಕುರಿತು, ಜಾಡಿಯೊಂದನ್ನು ನಂಬಿದರೆಂದು ನಗುವುದು ಸಭ್ಯತೆಯಲ್ಲ.

ಆದರೆ ನಂಬಿಕೆಗೆ ತೆರುವ ಬೆಲೆಯನ್ನು ಹೇಳದೆ ಬಿಡುವುದೂ ಸಭ್ಯತೆಯಲ್ಲ. ಥೈರಾಯ್ಡ್ ರೋಗವೆಂಬುದು ಒಂದೇ ರೋಗವಲ್ಲ. ಗ್ರಂಥಿ ಸೋಮಾರಿಯಾಗುವುದು ಒಂದು, ಅತಿಯಾಗಿ ದುಡಿಯುವುದು ಅದಕ್ಕೆ ತೀರ ವಿರುದ್ಧವಾದ ಇನ್ನೊಂದು. ಒಂದೇ ಜಾಡಿ ಎರಡನ್ನೂ ಗುಣಪಡಿಸುತ್ತದೆ ಎಂದಾಗಲೇ ಸಂಶಯ ಹುಟ್ಟಬೇಕು. ಒಂದು ವೇಳೆ ಅದರಲ್ಲಿ ಅಯೊಡೀನ್ ನಿಜವಾಗಿಯೂ ತುಂಬಿದ್ದಿದ್ದರೆ, ಅತಿಯಾಗಿ ದುಡಿಯುವ ಗ್ರಂಥಿಯುಳ್ಳವನಿಗೆ ಅಳತೆಯಿಲ್ಲದ ಆ ಚಮಚವೇ ಅಪಾಯ ತಂದೀತು. ಗರ್ಭಿಣಿಯ ಗ್ರಂಥಿ ಸೋತಿರುವಾಗ ಚಿಕಿತ್ಸೆಯ ಬದಲು ಜೇನು ಅಕ್ರೋಟನ್ನು ನೆಚ್ಚಿ ಕೆಲವು ತಿಂಗಳು ಕಳೆದರೆ, ನಷ್ಟವಾಗುವುದು ಹುಟ್ಟಲಿರುವ ಮಗುವಿನ ಬುದ್ಧಿಗೆ. ಅದನ್ನು ಆಮೇಲೆ ಯಾವ ವೈದ್ಯನೂ ತಂದುಕೊಡಲಾರ. ಮಾಲ್ಡೋವಾದ ಕಡೆ ಹಸಿರು ಅಕ್ರೋಟನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಆ ಎಣ್ಣೆಯನ್ನು ಅರ್ಬುದ ರೋಗಕ್ಕೂ ಮದ್ದೆಂದು ಕುಡಿಯುವ ಪದ್ಧತಿ ಹುಟ್ಟಿಕೊಂಡಿದೆ. ಕುಡಿದ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಏನಾಗುತ್ತದೆಂಬುದನ್ನು, ನೀರೆಂದು ಭ್ರಮಿಸಿ ಕುಡಿದ ಮಕ್ಕಳನ್ನು ಕಂಡಿರುವ ನಮ್ಮ ಆಸ್ಪತ್ರೆಗಳ ವೈದ್ಯರು ಬಲ್ಲರು.

ಹಳೆಯದೆಲ್ಲ ಸುಳ್ಳೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವ ಪಂಡಿತರ ಧಾಟಿಯೂ ನನಗೆ ಹಿಡಿಸುವುದಿಲ್ಲ. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಅಕ್ರೋಟಿನ ಎಲೆಯನ್ನು ಚರ್ಮದ ಸಣ್ಣಪುಟ್ಟ ಉರಿಯೂತಕ್ಕೂ ಅಂಗೈ ಅಂಗಾಲುಗಳ ಅತಿಬೆವರಿಗೂ ಮೇಲೆ ಹಚ್ಚಲು ಒಪ್ಪಿದೆ. ಅದೂ ದೀರ್ಘಕಾಲದ ಬಳಕೆಯನ್ನು ನೋಡಿ, ರೋಗಿಗಳ ಮೇಲಿನ ಪರೀಕ್ಷೆಗಳಿಂದ ಸಿದ್ಧವಾಯಿತೆಂದಲ್ಲ. ಮನೆಮದ್ದಿನ ಜಾಡಿಯ ಮುಂದೆ ನಿಂತು ಇದರಲ್ಲಿ ಯಾವ ವಸ್ತುವಿದೆ, ಎಷ್ಟಿದೆ, ಕೊಡದೆ ಬಿಟ್ಟವರಿಗಿಂತ ಕೊಟ್ಟವರಿಗೆ ಎಷ್ಟು ಹೆಚ್ಚು ಗುಣವಾಯಿತು ಎಂದು ಕೇಳುವುದು ಅಜ್ಜಿಗೆ ಮಾಡುವ ಅಗೌರವವಲ್ಲ.

ವಿದ್ಯಾರ್ಥಿಗಳು ಇದರಲ್ಲಿ ಸ್ವಲ್ಪವನ್ನು ತಾವೇ ನೋಡಬಹುದು. ಅನ್ನದ ಗಂಜಿಗೆ ಟಿಂಕ್ಚರು ಅಯೊಡೀನ್ ಹನಿಸಿದರೆ ಅದು ಕಡುನೀಲಿಯಾಗುತ್ತದೆ. ಅಕ್ರೋಟಿನ ಕಂದು ರಸ ಹನಿಸಿದರೆ ನೀಲಿ ಬಾರದು. ಎಳೆಯ ಅಕ್ರೋಟು ನಮ್ಮ ಕಡೆ ಸಿಗುವುದಿಲ್ಲವಾದ್ದರಿಂದ, 'ಸಿ' ಜೀವಸತ್ವ ಅದರಂತೆಯೇ ತುಂಬಿರುವ ನೆಲ್ಲಿಕಾಯಿಯನ್ನು ಹಿಂಡಿಕೊಂಡು, ನೀಲಿಯಾದ ಆ ಗಂಜಿಗೆ ಒಂದೊಂದೇ ತೊಟ್ಟು ಬಿಡಿರಿ. ಬಣ್ಣ ಮಾಯವಾಗುತ್ತದೆ. ರಸಾಯನವಿದರು ಜೀವಸತ್ವ 'ಸಿ'ಯನ್ನು ಅಳೆಯುವ ಕ್ರಮಗಳಲ್ಲಿ ಇದೂ ಒಂದು. ಆಗತಾನೆ ಹಿಂಡಿದ ಹಸಿರು ಅಕ್ರೋಟಿನ ರಸವೂ ಅಯೊಡೀನಿನ ಬಣ್ಣವನ್ನು ಹೀಗೆಯೇ ಅಳಿಸಿಹಾಕುತ್ತದೆ.