ಅವಲಂಬನೆಗಳ ಲೆಕ್ಕವೂ ಸಂಘದ ಲೆಕ್ಕವೇ

ನಮ್ಮ ಸಂಘದ ಸದಸ್ಯತ್ವ ನೋಂದಣಿಯ ತಂತ್ರಾಂಶ ಜಾವಾದಲ್ಲಿ ರಚಿತವಾಗಿ ಕ್ಲೌಡ್‌ನಲ್ಲಿ ನಡೆಯುತ್ತಿದೆ. ನಮ್ಮ ಮನೆಗಳ ವಿಳಾಸ, ಮಕ್ಕಳ ಹೆಸರು ಅದರಲ್ಲಿವೆ. ಅದನ್ನು ಕಟ್ಟುವ ಸಾಧನವಾದ ಮೇವನ್‌ನ ‘ಪಾಮ್’ ಕಡತದಲ್ಲಿ ನಾವು ಹೆಸರಿಸುವ ಲೈಬ್ರರಿಗಳು ಕೆಲವೇ. ಅವುಗಳ ಬೆನ್ನಿಗೆ ಬರುವ ಪರೋಕ್ಷ ಅವಲಂಬನೆಗಳು ಅನೇಕ. ಕರೆಯೋಲೆ ಒಬ್ಬರಿಗೆ, ಪಂಕ್ತಿಗೆ ಬರುವುದು ಇಡೀ ಬಳಗ! 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಲೈಬ್ರರಿಯ ದೋಷ ಬಯಲಾದಾಗ, ಅದು ತಮ್ಮ ತಂತ್ರಾಂಶದೊಳಗೆ ಎಲ್ಲಿ ಅಡಗಿದೆಯೆಂದು ಹುಡುಕಲು ಅನೇಕ ಸಂಸ್ಥೆಗಳು ಪರದಾಡಿದವು.

ಆದುದರಿಂದ ನಮ್ಮ ಅಭಿಪ್ರಾಯವಿದು: ಪ್ರತಿಯೊಂದು ಲೈಬ್ರರಿಗೂ ನಿಖರ ಆವೃತ್ತಿಸಂಖ್ಯೆ ನಮೂದಾಗಲಿ. ಮೇವನ್‌ನ ಆವೃತ್ತಿಯನ್ನು ರ‍್ಯಾಪರ್ ನಿಗದಿಪಡಿಸಲಿ. ‘ಡಿಪೆಂಡೆನ್ಸಿ ಟ್ರೀ’ ಆದೇಶ ತೋರಿಸುವ ಪೂರ್ಣ ವಂಶವೃಕ್ಷವನ್ನು ಮೂರು ತಿಂಗಳಿಗೊಮ್ಮೆ ಓದಿ, ಬೇಡವಾದುದನ್ನು ಕೈಬಿಡೋಣ. ಸುರಕ್ಷತಾ ಸೂಚನೆ ಬಂದೊಡನೆ ಆವೃತ್ತಿಯನ್ನು ಪರೀಕ್ಷಿಸಿ ಬದಲಿಸೋಣ.

ಸ್ವಯಂಸೇವಕರು ಬದಲಾಗುತ್ತಾರೆ, ಊರು ಬಿಡುತ್ತಾರೆ. ಮುಂದೆ ಬರುವವರ ಗಣಕದಲ್ಲೂ ತಂತ್ರಾಂಶವು ತಕರಾರಿಲ್ಲದೆ ಸಿದ್ಧಗೊಳ್ಳಬೇಕು. ಹೊಸ ಸೌಲಭ್ಯವೊಂದು ತಿಂಗಳು ತಡವಾದರೆ ಸಹಿಸಬಹುದು. ಮನೆಮಂದಿಯ ವಿವರ ಸೋರಿಹೋದರೆ ಮರಳಿ ತರಲಾಗದು. ಸದಸ್ಯ ಬಾಂಧವರೇ, ಖಜಾಂಚಿಯ ಲೆಕ್ಕಪತ್ರದೊಡನೆ ಈ ಪಟ್ಟಿಯನ್ನೂ ವಾರ್ಷಿಕ ಸಭೆಯಲ್ಲಿ ಕೇಳಿ ಪಡೆಯೋಣ.