ತಪ್ಪು ತೋರಿದ ಸೂಜಿ

ದಿಕ್ಸೂಚಿ ಹಡಗು ಹತ್ತಿ ಒಂಬತ್ತು ಶತಮಾನ ಕಳೆದಿವೆ. ಈ ದೀರ್ಘ ಅವಧಿಯಲ್ಲಿ ನಮ್ಮ ಕಣ್ಣಿಗೆ ಎದ್ದು ಕಾಣುವುದು ಸೂಜಿಯ ನಿಷ್ಠೆಗಿಂತ, ಅದರ ತಪ್ಪುಗಳ ಬೆನ್ನು ಹತ್ತಿದವರ ಹಟ.

ಚೀನಾದ ಷೆನ್ ಕುವೊ 1088ರ ಸುಮಾರಿಗೇ ಗುರುತಿಸಿದ್ದ: ಅಯಸ್ಕಾಂತಕ್ಕೆ ಉಜ್ಜಿದ ಸೂಜಿ ನೇರ ದಕ್ಷಿಣಕ್ಕೆ ನಿಲ್ಲದೆ ತುಸು ಪೂರ್ವಕ್ಕೆ ವಾಲುತ್ತದೆ. ಸುಮಾರು ಮೂರು ದಶಕದ ಬಳಿಕ ಝು ಯು ದಾಖಲಿಸಿದಂತೆ, ನಾವಿಕರಿಗೆ ರಾತ್ರಿ ನಕ್ಷತ್ರ, ಹಗಲು ಸೂರ್ಯ. ಮೋಡ ಕವಿದಾಗ ಮಾತ್ರ ಸೂಜಿ. ಅರಬ್ಬೀ ಸಮುದ್ರದಲ್ಲಂತೂ ಮಳೆಗಾಲ ಕಳೆದು ಹೊರಟ ಹಡಗುಗಳಿಗೆ ತಿಳಿ ಆಕಾಶವಿರುತ್ತಿತ್ತು. ಹಲಗೆ ಮತ್ತು ಗಂಟು ಹಾಕಿದ ದಾರದ 'ಕಮಲ್' ಹಿಡಿದು ಧ್ರುವ ನಕ್ಷತ್ರದ ಎತ್ತರ ಅಳೆದರೆ ಸಾಕಿತ್ತು.

ಭೂಮಿಯೇ ಒಂದು ದೊಡ್ಡ ಅಯಸ್ಕಾಂತ ಎಂದು ವಿಲಿಯಂ ಗಿಲ್ಬರ್ಟ್ ಬರೆದದ್ದು 1600ರಲ್ಲಿ. ಅಟ್ಲಾಂಟಿಕ್‌ನಲ್ಲಿ ಸೂಜಿ ಎಲ್ಲೆಲ್ಲಿ ಎಷ್ಟು ವಾಲುತ್ತದೆಂದು ಸುತ್ತಿ ಅಳೆದ ಎಡ್ಮಂಡ್ ಹ್ಯಾಲಿ 1701ರಲ್ಲಿ ಅದರ ನಕ್ಷೆಯನ್ನೇ ಪ್ರಕಟಿಸಿದ.

ನಿಜವಾದ ಆಪತ್ತು ಬಂದದ್ದು ಕಬ್ಬಿಣದ ಹಡಗುಗಳ ಕಾಲದಲ್ಲಿ. ಹಡಗಿನ ಒಡಲೇ ಸೂಜಿಯನ್ನು ಸೆಳೆಯತೊಡಗಿತು. ದಿಕ್ಸೂಚಿಯ ಸುತ್ತ ಅಯಸ್ಕಾಂತ, ಕಬ್ಬಿಣದ ತುಂಡುಗಳನ್ನಿಟ್ಟು ಈ ಸೆಳೆತವನ್ನು ಸರಿದೂಗಿಸುವ ಉಪಾಯವನ್ನು ಜಾರ್ಜ್ ಏರಿ 1838ರಲ್ಲೇ ತೋರಿಸಿದ್ದ. ಆದರೂ 1854ರ ಜನವರಿಯಲ್ಲಿ ಲಿವರ್‌ಪೂಲ್‌ನಿಂದ ಮೆಲ್ಬರ್ನ್‌ಗೆ ಹೊರಟ ಹೊಸ ಹಡಗು 'ಟೇಲರ್', ದಕ್ಷಿಣಕ್ಕೆ ಸಾಗುತ್ತಿದ್ದೇನೆಂಬ ಭ್ರಮೆಯಲ್ಲಿ ಐರ್ಲೆಂಡಿನ ಬಂಡೆಗೆ ಬಡಿಯಿತು. ಸತ್ತವರು ಮುನ್ನೂರಕ್ಕೂ ಹೆಚ್ಚು. ತಿಮಿಂಗಿಲ ಬೇಟೆ ಬಿಟ್ಟು ಪಾದ್ರಿಯಾಗಿದ್ದ ವಿಲಿಯಂ ಸ್ಕೋರ್ಸ್‌ಬಿ ಏರಿಯೊಡನೆ ವಾದಕ್ಕಿಳಿದ: ಅಲೆಗಳ ಹೊಡೆತಕ್ಕೆ ಹಡಗಿನ ಕಾಂತತ್ವವೇ ಬದಲಾಗುತ್ತದೆ, ಬಂದರಿನಲ್ಲಿ ಮಾಡಿದ ಲೆಕ್ಕ ಕಡಲಲ್ಲಿ ನಿಲ್ಲದು. ಅದನ್ನು ಸಾಬೀತುಪಡಿಸಲು ಅರವತ್ತು ದಾಟಿದ ವಯಸ್ಸಿನಲ್ಲಿ ಆಸ್ಟ್ರೇಲಿಯಾದವರೆಗೂ ಹೋಗಿ ಬಂದ. ಪ್ರಯೋಗಶಾಲೆಯ ಪಂಡಿತರಿಗಿಂತ ಈ ಮುದುಕನ ಮೇಲೆ ನಮಗೆ ಒಲವು ಹೆಚ್ಚು.

ಸೂಜಿಯನ್ನು ನಂಬಬಹುದೇ ಎಂಬ ಸಂಶಯವನ್ನು ಕಾದಂಬರಿಕಾರರು ಚೆನ್ನಾಗಿ ಬಳಸಿಕೊಂಡರು. ಸರಿಯಾಗಿ ದಿಕ್ಕು ತೋರುವ ಸೂಜಿಯಿಂದ ಕತೆ ಹುಟ್ಟುವುದಾದರೂ ಹೇಗೆ? ಮೆಲ್ವಿಲ್‌ನ 'ಮೋಬಿ ಡಿಕ್'ನಲ್ಲಿ (1851) ಸಿಡಿಲಿನ ರಾತ್ರಿ ಕಳೆದಾಗ ಸೂಜಿಗಳು ತಿರುಗುಮುರುಗಾಗಿವೆ; ಪೂರ್ವಕ್ಕೆ ಹೋಗುತ್ತಿದ್ದೇವೆಂದುಕೊಂಡವರ ಬೆನ್ನ ಹಿಂದೆ ಸೂರ್ಯ. ಕಪ್ತಾನ ಅಹಾಬ್ ಹೊಸ ಸೂಜಿ ಮಾಡಿ ನಾವಿಕರನ್ನು ಬೆರಗುಗೊಳಿಸುತ್ತಾನೆ. ಸಿಡಿಲಿಗೆ ಸೂಜಿ ತಲೆಕೆಳಗಾಗುವುದು ಕಟ್ಟುಕತೆಯಲ್ಲ. ಹೊಸ ಸೂಜಿಯನ್ನು ದೈವಬಲವೆಂಬಂತೆ ಮೆರೆಸುವ ಅಹಾಬನ ನಾಟಕ ಮೆಲ್ವಿಲ್‌ನದು. ಜೂಲ್ಸ್ ವೆರ್ನ್ 1878ರ ಕಾದಂಬರಿಯಲ್ಲಿ ಇನ್ನೂ ಸರಳ ಕುತಂತ್ರ ಹೂಡಿದ. ಹಡಗಿನ ಅಡುಗೆಯವ ನೆಗೊರೊ ದಿಕ್ಸೂಚಿಯಡಿ ಕಬ್ಬಿಣದ ತುಂಡು ಅಡಗಿಸುತ್ತಾನೆ. ಹದಿನೈದರ ಹುಡುಗ ಡಿಕ್ ಸ್ಯಾಂಡ್ ದಕ್ಷಿಣ ಅಮೆರಿಕ ಮುಟ್ಟಿದೆವೆಂದು ನಂಬಿ ಇಳಿದ ನೆಲ ಅಂಗೋಲಾ, ಸಿಕ್ಕಿದ್ದು ಗುಲಾಮರ ವ್ಯಾಪಾರಿಗಳ ಕೈಗೆ. ಒಂದು ಮಹಾಸಾಗರವನ್ನೇ ಗಮನಿಸದೆ ದಾಟುವುದು ಅತಿಯಾಯಿತು, ನಿಜ. ಆದರೆ ಟೇಲರ್ ಹಡಗಿನ ಸುದ್ದಿ ಓದಿದವರಿಗೆ ಅದರ ಎಳೆ ಅಪರಿಚಿತವಾಗಿರಲಾರದು.

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತಿನ ಗೈರೊ ದಿಕ್ಸೂಚಿ, ಆಮೇಲೆ ಜಿಪಿಎಸ್ ಬಂದವು. ಸೂಜಿ ಮೂಲೆ ಸೇರಿತು. ಆದರೆ 2017ರ ಜೂನ್‌ನಲ್ಲಿ ಕಪ್ಪು ಸಮುದ್ರದ ಸುಮಾರು ಇಪ್ಪತ್ತು ಹಡಗುಗಳಿಗೆ ತಾವು ದಡದಾಚೆಯ ವಿಮಾನ ನಿಲ್ದಾಣವೊಂದರಲ್ಲಿ ಇರುವಂತೆ ಜಿಪಿಎಸ್ ತೋರಿಸಿತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಿದ್ಯುತ್ತಿನ ಹಂಗಿಲ್ಲದೆ ದಿಕ್ಕು ತೋರುವ ಸಾಧನ ಹಡಗಿನಲ್ಲಿ ಇಂದಿಗೂ ಕಡ್ಡಾಯ. ಬಹುತೇಕ ಕಡೆ ಅದು ಹಳೆಯ ಕಾಂತ ದಿಕ್ಸೂಚಿಯೇ. ಹಡಗು ಯಾವ ದಿಕ್ಕಿಗೆ ತಿರುಗಿದಾಗ ಸೂಜಿ ಎಷ್ಟು ಡಿಗ್ರಿ ತಪ್ಪುತ್ತದೆ ಎಂಬ ಪಟ್ಟಿಯನ್ನೂ ಅದರ ಜೊತೆಗೆ ಇಟ್ಟಿರುತ್ತಾರೆ.