ಗುಂಪಿನಲ್ಲಿ ಇಲ್ಲದವರನ್ನು ಕರೆಯುವವರು ಯಾರು?



ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯಲ್ಲಿ ಈಗ ಗುರುವಂದನಾ ಸಮಾರಂಭಗಳ ಸುಗ್ಗಿ ನಡೆದಿದೆ. ಇಪ್ಪತ್ತು, ಮೂವತ್ತು ವರ್ಷಗಳ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿ ಚದುರಿ ಹೋದವರು ವಾಟ್ಸಾಪಿನಲ್ಲಿ ಒಬ್ಬರನ್ನೊಬ್ಬರು ಹುಡುಕಿಕೊಂಡು, ಗುಂಪು ಕಟ್ಟಿ, ಗೂಗಲ್ ಫಾರ್ಮ್ ಹಂಚಿ, ಫೋನ್‌ಪೇಯಲ್ಲಿ ವಂತಿಗೆ ಕೂಡಿಸಿ, ನಮ್ಮಂಥ ಹಳಬರನ್ನು ಸಾಲಾಗಿ ಕುಳ್ಳಿರಿಸಿ ಶಾಲು ಹೊದಿಸುತ್ತಾರೆ. ಸಂತೋಷದ ಸಂಗತಿಯೇ. ನನ್ನ ಮನೆಯ ಕಪಾಟಿನಲ್ಲಿ ಇಂತಹ ಶಾಲುಗಳು ಎಷ್ಟಿವೆಯೆಂದರೆ, ಚಳಿಯೇ ಇಲ್ಲದ ಈ ಸೀಮೆಯಲ್ಲಿ ಅವನ್ನು ಏನು ಮಾಡಬೇಕೆಂದು ನಮ್ಮ ಮನೆಯವರು ಪ್ರತಿ ದೀಪಾವಳಿಗೂ ಕೇಳುತ್ತಾರೆ. ಆದರೂ ಇಂದು ನಾನು ಬರೆಯಲು ಕುಳಿತದ್ದು ಕೃತಜ್ಞತೆ ಸಲ್ಲಿಸಲು ಅಲ್ಲ. ಒಂದು ತಕರಾರು ಎತ್ತಲು.

ಮೊದಲೇ ಹೇಳಿಬಿಡುತ್ತೇನೆ, ನನ್ನ ತಕರಾರು ಯಂತ್ರದ ಮೇಲಲ್ಲ. ನಿವೃತ್ತಿಯ ನಂತರ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಕಲಿತು ನಿಮಗೆ ಬರೆಯುತ್ತಿರುವವನು ಯಂತ್ರವನ್ನು ಜರೆದರೆ ಅದು ಉಂಡ ಮನೆಗೆ ಎರಡು ಬಗೆದಂತೆ. ಸಭೆ ಸಮ್ಮೇಳನಗಳನ್ನು ಏರ್ಪಡಿಸುವಾಗ ಯಂತ್ರವನ್ನು ನಾವು ಎಲ್ಲಿ ನಿಲ್ಲಿಸುತ್ತೇವೆ ಎಂಬುದೇ ನನ್ನ ಪ್ರಶ್ನೆ. ಬರುವವನನ್ನು ಬಾಗಿಲಲ್ಲಿ ತಡೆದು ಲೆಕ್ಕ ಕೇಳುವ ಜಾಗದಲ್ಲಿ ಅದನ್ನು ನಿಲ್ಲಿಸಿದ್ದೇವೆ. ಕರೆದವನು ಜನಕ್ಕೆ ಲೆಕ್ಕ ಕೊಡಬೇಕಾದ ಜಾಗದಲ್ಲಿ ಹಳೆಯ ಕಾಲದ ಒಂದು ನೋಟುಬುಕ್ಕೂ ಇರುವುದಿಲ್ಲ.

ಗುರುವಂದನೆಯನ್ನೇ ತೆಗೆದುಕೊಳ್ಳಿ. ತೊಂಬತ್ತರ ದಶಕದ ಒಂದು ತಂಡದ ಹುಡುಗನೊಬ್ಬ (ಈಗ ಅವನಿಗೇ ಮದುವೆಗೆ ಬಂದ ಮಗಳಿದ್ದಾಳೆ) ಕಳೆದ ವರ್ಷ ಪಟ್ಟಿ ತೋರಿಸಲು ಬಂದಿದ್ದ. ತರಗತಿಯಲ್ಲಿ ಇದ್ದವರು 84 ಮಂದಿ. ಗುಂಪಿನಲ್ಲಿ ಇದ್ದವರು 47. ಉಳಿದವರು ಎಲ್ಲಪ್ಪ ಎಂದೆ. "ಗ್ರೂಪ್‌ನ್ಯಾಗ ಇದ್ದವ್ರಿಗೆಲ್ಲ ಹೇಳೀವ್ರಿ ಸರ, ಉಳಿದವ್ರ ನಂಬರ ಸಿಗವಲ್ದು" ಎಂದ. ಇಬ್ಬರೂ ಕುಳಿತು ನೆನಪಿನಿಂದ ಹೆಸರು ಬರೆದೆವು. ಬಿಟ್ಟುಹೋದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಯಾರೋ ರಾಯಚೂರಿಗೆ, ಯಾರೋ ಗಡಿಯಾಚೆಯ ನಾರಾಯಣಪೇಟೆ, ಮಖ್ತಲ್ ಕಡೆಗೆ ಲಗ್ನವಾಗಿ ಹೋದವರು. ಫೋನು ಗಂಡನ ಹೆಸರಿನಲ್ಲೋ ಮಗನ ಕೈಯಲ್ಲೋ ಇರುತ್ತದೆ. ಇನ್ನುಳಿದವರು ಗುಳೆ ಹೋಗುವವರು. ಬಸವಸಾಗರದ ಕಾಲುವೆಯ ನೀರು ಮುಟ್ಟದ ಊರುಗಳಿಂದ, ತಾಂಡಾಗಳಿಂದ, ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಹೋಗುವ ನಮ್ಮದೇ ಮಕ್ಕಳು. ಅಂದರೆ ಗುಂಪಿನಲ್ಲಿ ಉಳಿದದ್ದು ನೌಕರಿ ಸಿಕ್ಕವರು, ಅಂಗಡಿ ಇಟ್ಟವರು, ಗುತ್ತಿಗೆದಾರರು. ಇದು ತರಗತಿಯ ಸಮ್ಮಿಲನವಲ್ಲ, ಗೆದ್ದವರ ಸಮ್ಮಿಲನ.

ಇದನ್ನು ಯಂತ್ರ ಮಾಡಿತೇ? ಇಲ್ಲ. ಆದರೆ ಯಂತ್ರ ಒಂದು ಸುಲಭದ ನೆಪವನ್ನು ಒದಗಿಸಿತು. "ಗುಂಪಿನಲ್ಲಿ ಹಾಕಿದ್ದೇವೆ" ಎಂದರೆ ಕರೆದಂತಾಯಿತು ಎಂದು ನಾವು ನಂಬಿಬಿಟ್ಟೆವು. ಹಿಂದೆ ಮನೆಮನೆಗೆ ಹೋಗಿ ಕರೆಯುವಾಗ, ಒಂದು ಮನೆ ಬಿಟ್ಟುಹೋದರೆ ಬಿಟ್ಟವನಿಗೆ ಗೊತ್ತಿರುತ್ತಿತ್ತು. ಎದುರಿಗೆ ಸಿಕ್ಕಾಗ ಮುಖ ತಪ್ಪಿಸಬೇಕಾಗುತ್ತಿತ್ತು. ಈಗ ಬಿಟ್ಟವನಿಗೂ ಗೊತ್ತಾಗುವುದಿಲ್ಲ, ಬಿಡಿಸಿಕೊಂಡವನಿಗೂ ಗೊತ್ತಾಗುವುದಿಲ್ಲ.

ಡಂಗುರದ ಮಾತು ಬಂದೇ ಬರುತ್ತದೆ. ಡಂಗುರ ಸಾರುವವನು ಓಣಿಯಲ್ಲಿ ನಿಂತು ಹಲಗೆ ಬಡಿದರೆ ಅದು ಓದು ಬಂದವನಿಗೂ ಬಾರದವನಿಗೂ ಒಂದೇ ಸಮ ಕೇಳುತ್ತಿತ್ತು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದ ಸರಾಸರಿ ಶೇ. 75.36, ಜಿಲ್ಲೆಗಳ ಸಾಲಿನಲ್ಲಿ ನಮ್ಮದೇ ಕಟ್ಟಕಡೆ. ಇಂತಹ ನಾಡಿನಲ್ಲಿ ಸಭೆಯ ಸುದ್ದಿಯನ್ನು ಬರಹದಲ್ಲಿ, ಅದೂ ಬೆರಳಗಲದ ಪರದೆಯ ಮೇಲೆ ಮಾತ್ರ ಕೊಟ್ಟರೆ, ಅರ್ಧ ಊರಿಗೆ ಕೊಟ್ಟೇ ಇಲ್ಲ ಎಂದರ್ಥ. ಹಾಗೆಂದು ಡಂಗುರವನ್ನು ಹಾಡಿ ಹೊಗಳಲಾರೆ. ಆ ಕೆಲಸವನ್ನು ಒಂದೇ ಕೇರಿಯವರ ಕೊರಳಿಗೆ ತಲೆತಲಾಂತರ ಕಟ್ಟಿದ್ದು ನಮ್ಮ ಊರುಗಳು ಮಾಡಿದ ಅನ್ಯಾಯ, ಅದು ಹೋಗಬೇಕಾದದ್ದೇ. ಹಲಗೆ ಹೋಗಲಿ, ಎಲ್ಲರಿಗೂ ಕೇಳಿಸುವ ಗುಣ ಯಾಕೆ ಹೋಗಬೇಕು? ಗುಳೆ ಹೋದವನ ಬಳಿಯೂ ಗುಂಡಿಯ ಫೋನು ಇದ್ದೇ ಇರುತ್ತದೆ. ಧ್ವನಿಯಲ್ಲಿ ಹೇಳಿದರೆ ಅವನಿಗೆ ಕೇಳುತ್ತದೆ. ಅವನನ್ನು ಕರೆದೊಯ್ದ ಮೇಸ್ತ್ರಿಯ ನಂಬರು ಊರಿನಲ್ಲಿ ಯಾರ ಬಳಿಯಾದರೂ ಸಿಗುತ್ತದೆ. ಹುಡುಕುವ ಮನಸ್ಸಿದ್ದರೆ ಇದೇ ಯಂತ್ರ ಹುಡುಕಿಕೊಡುತ್ತದೆ.

ದಿನಾಂಕದ ವಿಷಯವೂ ಹಾಗೆಯೇ. ಗುಂಪಿನಲ್ಲಿ ಮತ ಹಾಕಿಸಿದರೆ ಯಾವಾಗಲೂ ಗೆಲ್ಲುವುದು ಭಾನುವಾರ, ಅದೂ ಬೆಂಗಳೂರಿನಿಂದ ರಾತ್ರಿ ಬಸ್ಸು ಹಿಡಿದು ಬಂದು ಹೋಗಲು ಅನುಕೂಲವಾದ ಭಾನುವಾರ. ದುಡಿಯಲು ಹೋದವರು ಊರಿಗೆ ಬರುವುದು ಯುಗಾದಿಗೆ, ಮೊಹರಮ್ಮಿಗೆ, ಮೈಲಾಪುರದ ಸಂಕ್ರಾಂತಿ ಜಾತ್ರೆಗೆ, ತಿಂಥಣಿ ಮೌನೇಶ್ವರನ ಜಾತ್ರೆಗೆ. ಯುಗಾದಿಯ ಮಾರನೆಯ ದಿನ ಎಂಬ ಆಯ್ಕೆಯನ್ನು ಆ ಫಾರ್ಮಿನಲ್ಲಿ ಯಾರೂ ಹಾಕಿರಲಿಲ್ಲ. ಫೋನ್‌ಪೇ ವಂತಿಗೆಯ ಪಟ್ಟಿ ಮಾತ್ರ ಹೆಸರು, ಮೊತ್ತ ಸಮೇತ ದಿನಕ್ಕೆರಡು ಬಾರಿ ಗುಂಪಿನಲ್ಲಿ ಬರುತ್ತಿತ್ತು. ಐದು ಸಾವಿರ ಕೊಟ್ಟವನ ಕೆಳಗೆ ಇನ್ನೂರು ಕೊಟ್ಟವನ ಹೆಸರು! ಆ ಇನ್ನೂರು ಕೊಟ್ಟವನು ಸಮಾರಂಭಕ್ಕೆ ಬರಲಿಲ್ಲ. ಖರ್ಚಿನ ಪಟ್ಟಿಯೂ ಬರಲಿಲ್ಲ.

ಇನ್ನು ದೊಡ್ಡ ಸಮ್ಮೇಳನಗಳು. ನಮ್ಮ ಈ ಭಾಗದವರಿಗೆ ಸಭೆ ಸೇರುವುದು ಎಂದೂ ಪುಕ್ಕಟೆ ಸಿಕ್ಕ ಹಕ್ಕಲ್ಲ. ನಿಜಾಮರ ಸರಕಾರದ 'ಗಶ್ತಿ ನಿಶಾನ್ 53' ಎಂಬ ಸುತ್ತೋಲೆಯಂತೆ ಸಭೆಗೆ ಮುಂಚಿತವಾಗಿ ಅಪ್ಪಣೆ ಬೇಕಾಗುತ್ತಿದ್ದ ಸಂಸ್ಥಾನ ಇದು. ಆ ಆಳ್ವಿಕೆಯಲ್ಲಿಯೇ 1928ರಲ್ಲಿ ಕಲಬುರಗಿಯಲ್ಲಿ ಬಿ.ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ವಿಮೋಚನೆಯ ನಂತರ 1949ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ, 1987ರಲ್ಲಿ ಸಿದ್ದಯ್ಯ ಪುರಾಣಿಕರ ಅಧ್ಯಕ್ಷತೆಯಲ್ಲಿ, ಮತ್ತೆ 2020ರ ಫೆಬ್ರವರಿಯಲ್ಲಿ ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ಅದೇ ಊರಿನಲ್ಲಿ ನಡೆಯಿತು. 1928ರಲ್ಲಿ ಅಂಚೆ ಕಾರ್ಡು, ಎತ್ತಿನ ಬಂಡಿ, ರೈಲುಗಳನ್ನು ನೆಚ್ಚಿ ಕನ್ನಡಿಗರು ಸೇರಿದರು. ಅಪ್ಪಣೆ ಕೇಳಿ ಸೇರುವ ಕಾಲ ಮುಗಿದು ಮುಕ್ಕಾಲು ಶತಮಾನ ಕಳೆದ ಮೇಲೆ, ಬಾಗಿಲಲ್ಲಿ ಹೊಸ ಬಗೆಯ ಅಪ್ಪಣೆಚೀಟಿ ತೋರಿಸುವಂತಾದರೆ ನನ್ನಂಥವನಿಗೆ ಕಸಿವಿಸಿಯಾಗುತ್ತದೆ.

2023ರ ಹಾವೇರಿ ಸಮ್ಮೇಳನದ ಹೊತ್ತಿಗೆ ಪ್ರತಿನಿಧಿಗಳ ನೋಂದಣಿ ಮೊಬೈಲ್ ಆ್ಯಪಿಗೆ ಬಂದಿತ್ತು. ಇದಕ್ಕೊಂದು ಕಾರಣ ಉಂಟು. ಶಿಕ್ಷಕ ವೃತ್ತಿಯವರಿಗೆ ಅದು ಚೆನ್ನಾಗಿ ಗೊತ್ತು. ಸಮ್ಮೇಳನಕ್ಕೆ ಹೋಗುವ ನೌಕರರಿಗೆ ಓಓಡಿ ಸೌಲಭ್ಯ. ಅದಕ್ಕೆ ಹಾಜರಾತಿ ಪ್ರಮಾಣಪತ್ರ ಬೇಕು. ಕವಿಗೋಷ್ಠಿಯ ಎದುರು ಖಾಲಿ ಕುರ್ಚಿ, ಪ್ರಮಾಣಪತ್ರದ ಕೌಂಟರಿನ ಎದುರು ನೂಕುನುಗ್ಗಲು: ಈ ನೋಟವನ್ನು ನನ್ನ ಸಹೋದ್ಯೋಗಿಗಳು ಯಾರೂ ಅಲ್ಲಗಳೆಯಲಾರರು. ಈ ನೂಕುನುಗ್ಗಲನ್ನು ಯಂತ್ರ ತಪ್ಪಿಸುವುದಾದರೆ ಅದಕ್ಕೆ ನಮಸ್ಕಾರ. ವೇತನ ಪಡೆಯುವವರಿಂದ, ರಜೆ ಪಡೆಯುವವರಿಂದ ಕ್ಯೂಆರ್ ಸಂಕೇತ ಕೇಳಲಿ, ಅದು ನ್ಯಾಯ. ಅದೇ ಜರಡಿಯನ್ನು ಕೇಳಲು ಬಂದವನಿಗೂ ಹಾಡಲು ಬಂದವನಿಗೂ ಹಿಡಿಯುವುದು ಯಾವ ನ್ಯಾಯ?

ನಾನೇ ಕಂಡದ್ದನ್ನು ಹೇಳುತ್ತೇನೆ. ಯಾವ ಸಮ್ಮೇಳನ, ಯಾವ ಊರು ಎಂಬುದು ಬೇಡ. ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವ ವೃದ್ಧರೊಬ್ಬರು ಆಹ್ವಾನಿತರಾಗಿಯೇ ಬಂದಿದ್ದರು. ಊಟದ ಬಾಗಿಲಲ್ಲಿ ನಿಂತ ಸ್ವಯಂಸೇವಕ ಹುಡುಗ ಮೊಬೈಲಿನಲ್ಲಿ ಸಂಕೇತ ತೋರಿಸಿರಿ ಎಂದ. ಅವರು ಜೋಳಿಗೆಯಿಂದ ಮಡಚಿದ ಆಮಂತ್ರಣ ಪತ್ರಿಕೆ ತೆಗೆದು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ತೋರಿಸಿದರು. "ಅದು ನಡೆಯಂಗಿಲ್ಲ ಮುತ್ತ್ಯಾ, ಸ್ಕ್ಯಾನ್ ಆಗಬೇಕು" ಎಂದ ಹುಡುಗ. ಹುಡುಗನದೇನೂ ತಪ್ಪಿಲ್ಲ, ಅವನಿಗೆ ಹಾಗೆ ಹೇಳಿಕೊಟ್ಟಿದ್ದರು. ಹಿರಿಯರು ಜಗಳವಾಡಲಿಲ್ಲ, ಹೊರಗೆ ಬೇವಿನ ಮರದ ಕೆಳಗೆ ಹೋಗಿ ಕುಳಿತರು. ನಾವು ಕೆಲವರು ಕರೆತಂದು ಉಣಿಸಿದೆವು, ಅದು ಬೇರೆ. ಸಂಜೆ ಅವರ ಹಾಡಿನ ಸಮಯ ಬಂದಾಗ ಉದ್ಘಾಟನೆಯ ಭಾಷಣಗಳೇ ಮೂರು ತಾಸು ಹಿಗ್ಗಿದ್ದರಿಂದ ಕಾರ್ಯಕ್ರಮ ಕೈಬಿಟ್ಟರು. ತಲೆಯ ಮೇಲೆ ಡ್ರೋನು ಗುಯ್ಯೆನ್ನುತ್ತಲೇ ಇತ್ತು.

ಬಾಗಿಲಲ್ಲಿ ಕ್ಷಣ ಲೆಕ್ಕ ಹಿಡಿಯುವ ಯಂತ್ರವಿದೆ. ವೇದಿಕೆಯ ಮೇಲೆ ನಿಮಿಷ ಲೆಕ್ಕ ಹಿಡಿಯುವ ಒಂದು ಗಡಿಯಾರ ಇಲ್ಲ. ಎಲ್ಲರಿಗೂ ಕಾಣುವಂತೆ ದೊಡ್ಡ ಅಂಕಿಗಳಲ್ಲಿ ಹಿಂದಕ್ಕೆ ಓಡುವ ಗಡಿಯಾರವನ್ನು ಭಾಷಣಕಾರರ ಎದುರಿಗಿಡಲು ಎಷ್ಟು ಖರ್ಚು? ಸಂಘಟಕರು ಅದನ್ನು ಕೊಳ್ಳುವುದಿಲ್ಲ, ಯಾಕೆಂದರೆ ಮೊದಲು ಅದಕ್ಕೆ ಸಿಕ್ಕಿಬೀಳುವವರು ಹಣ ಕೊಟ್ಟ ಮುಖಂಡರೇ. ಆಮಂತ್ರಣ ಪತ್ರಿಕೆಯ ಕಥೆಯೂ ಇದೇ. ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲದಲ್ಲಿ ಸಾಲು ಹೆಚ್ಚಿದರೆ ಖರ್ಚು ಹೆಚ್ಚು ಎಂಬ ಭಯಕ್ಕಾದರೂ ಹೆಸರುಗಳು ಒಂದು ಮಿತಿಯಲ್ಲಿದ್ದವು. ಈಗ ವಾಟ್ಸಾಪಿನ ಪತ್ರಿಕೆಗೆ ಅಂಚೇ ಇಲ್ಲ. "ಘನ ಉಪಸ್ಥಿತಿ" ಎಂಬ ಶೀರ್ಷಿಕೆಯ ಕೆಳಗೆ ಬೆರಳು ಸವೆಯುವತನಕ ಹೆಸರು. ಅವರಲ್ಲಿ ನಿಜವಾಗಿ ಉಪಸ್ಥಿತರಾಗುವವರು ಎಷ್ಟು ಮಂದಿ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕರೆಯುವುದು ಅತಿ ಸುಲಭವಾದುದರ ಘೋರ ಫಲವನ್ನು 2025ರ ಜೂನ್ 4ರಂದು ಬೆಂಗಳೂರಿನಲ್ಲಿ ನೋಡಿದೆವು. ಕ್ರಿಕೆಟ್ ತಂಡದ ವಿಜಯೋತ್ಸವಕ್ಕೆ ಸಾಮಾಜಿಕ ಜಾಲತಾಣದಲ್ಲಿ ಕರೆ ಹೋಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಪ್ರಾಣ ಬಿಟ್ಟರು. ಕರೆ ಕಳಿಸಲು ಒಂದು ನಿಮಿಷ ಸಾಕು. ಬರುವ ಜನಕ್ಕೆ ದಾರಿ, ನೀರು, ನೆರಳು, ಶೌಚಾಲಯ, ಹೊರಹೋಗುವ ಬಾಗಿಲು ಒದಗಿಸಲು ದಿನಗಳು ಬೇಕು. ಬರುವವರನ್ನು ಮುಂಚೆ ಎಣಿಸುವ ಯಂತ್ರಕ್ಕೆ ನಿಜವಾದ ಉಪಯೋಗ ಇರುವುದು ಇಲ್ಲಿಯೇ. ನಮ್ಮ ಸೀಮೆಯ ಸಭೆಗಳಿಗೆ ಬಂದ ಹೆಣ್ಣುಮಕ್ಕಳು ಮಧ್ಯಾಹ್ನವಾಗುತ್ತಲೇ ಎದ್ದು ಹೋಗುವುದು ಭಾಷಣ ಬೇಸರವಾಗಿ ಮಾತ್ರವಲ್ಲ ಎಂಬುದನ್ನು ಯಾವ ಸ್ವಾಗತ ಸಮಿತಿಯೂ ತನ್ನ ಫಾರ್ಮಿನಲ್ಲಿ ಕೇಳಿದ್ದನ್ನು ನಾನು ಕಾಣೆ.

ಕೊರೊನಾ ಕಾಲದ ವೆಬಿನಾರುಗಳ ವಿಷಯ ಹೆಚ್ಚು ಬೆಳೆಸುವುದಿಲ್ಲ. ಮನೆಯಲ್ಲಿ ಕುಳಿತು ಧಾರವಾಡದ ಉಪನ್ಯಾಸ ಕೇಳಿದ ಭಾಗ್ಯವನ್ನು ನಾನು ಮರೆಯಲಾರೆ. ಆದರೆ ಉಪನ್ಯಾಸ ಮುಗಿಯುವ ಮುನ್ನವೇ "ಫೀಡ್‌ಬ್ಯಾಕ್ ಲಿಂಕ್ ಹಾಕಿರಿ, ಇ-ಸರ್ಟಿಫಿಕೇಟ್ ಬರಲಿಲ್ಲ" ಎಂದು ಸಾಲುಗಟ್ಟಿ ಬರೆದವರನ್ನೂ ಮರೆಯಲಾರೆ. ಓಓಡಿಯ ಕೌಂಟರು ತಂತಿಯ ಮೇಲೆ ಬಂದಿತ್ತು, ಅಷ್ಟೆ.

"ಹಾಗಾದರೆ ಏನು ಮಾಡಬೇಕು ಸರ್, ಬರೀ ಬಯ್ದರೆ ಹೇಗೆ?" ಎಂದು ನಿಮ್ಮಲ್ಲಿ ತಂತ್ರಾಂಶದ ನೌಕರಿಯಲ್ಲಿರುವವರು ಕೇಳುತ್ತೀರಿ. ಕೇಳಬೇಕು, ಈ ಕೆಲಸ ನಿಮ್ಮಿಂದಲೇ ಆಗತಕ್ಕದ್ದು. ನೋಂದಣಿ ಇರಲಿ, ಆದರೆ ಬಾಗಿಲಲ್ಲಿ ಒಂದು ಮೇಜು, ಒಂದು ವಹಿ, ಒಬ್ಬ ಮನುಷ್ಯನೂ ಇರಲಿ. ಫೋನಿಲ್ಲದವನು ಹೆಸರು ಹೇಳಿ ಒಳಗೆ ಬರಲಿ. ಜಮಾಖರ್ಚು ಸಮ್ಮೇಳನ ಮುಗಿದ ತಿಂಗಳೊಳಗೆ ಎಲ್ಲರೂ ನೋಡುವಂತೆ ಪ್ರಕಟವಾಗಲಿ. ಸಾರ್ವಜನಿಕರ ಹಣವೂ ಸರಕಾರದ ಅನುದಾನವೂ ಸೇರುವಲ್ಲಿ ಇದು ಉಪಕಾರವಲ್ಲ, ಕರ್ತವ್ಯ. ಸಮ್ಮೇಳನದ ಬಹಿರಂಗ ಅಧಿವೇಶನದಲ್ಲಿ ನಿರ್ಣಯಗಳನ್ನು ಕೈ ಎತ್ತಿಸಿ ಅಂಗೀಕರಿಸುತ್ತಾರಲ್ಲ, ಅವುಗಳ ಗತಿ ಏನಾಯಿತೆಂದು ವರ್ಷವಾರು ಪಟ್ಟಿ ಮಾಡಿ ತೋರಿಸುವ ಒಂದು ಪುಟ ಕಟ್ಟಿರಿ. ಕನ್ನಡ ಶಾಲೆಗಳ ಬಗ್ಗೆ ಎಷ್ಟು ನಿರ್ಣಯಗಳಾಗಿವೆ, ಅವುಗಳ ಎದುರಿನ ಅಂಕಣದಲ್ಲಿ ಏನಿದೆ ಎಂದು ಜನ ಓದಲಿ. ಇಂತಹ ಪುಟ ಕಟ್ಟಲು ನಿಮಗೆ ಎರಡು ಸಂಜೆ ಸಾಕೆಂದು ನನ್ನ ಮೊಮ್ಮಗ ಹೇಳುತ್ತಾನೆ.

ಕೊನೆಯದಾಗಿ ದಾಖಲೆ. ಸಮ್ಮೇಳನಾಧ್ಯಕ್ಷರ ಭಾಷಣಗಳು ಪುಸ್ತಕವಾಗಿ ಉಳಿದಿವೆ. ಗೋಷ್ಠಿಯಲ್ಲಿ ಕೆಂಭಾವಿಯ ರೈತ ಎದ್ದು ಕೇಳಿದ ಪ್ರಶ್ನೆ, ಮುದನೂರಿನ ಹೆಣ್ಣುಮಗಳು ಹಾಡಿದ ಸೋಬಾನೆ ಗಾಳಿಗೆ ಹೋಗಿವೆ. ಇಂದು ಎಲ್ಲರ ಕಿಸೆಯಲ್ಲಿಯೂ ಧ್ವನಿಮುದ್ರಣ ಯಂತ್ರವಿದೆ. ಆದರೂ ಮುದ್ರಣವಾಗುವುದು ಹಾರ ಹಾಕುವ ದೃಶ್ಯ. ನಾನು ಹೇಳಿದ ಆ ಏಕತಾರಿಯ ಹಿರಿಯರಿಗೆ ನೂರಾರು ಪದಗಳು ಬಾಯಿಪಾಠ ಬರುತ್ತವೆ. ವಯಸ್ಸು ಎಂಬತ್ತು ದಾಟಿದೆ. ಹೋದ ಚಳಿಗಾಲದಿಂದ ಕೆಮ್ಮು ಬಿಟ್ಟಿಲ್ಲ. ಗುರುವಂದನೆಗೆಂದು ಈ ವರ್ಷ ಹಣ ಕೂಡಿಸುತ್ತಿರುವ ತಂಡದವರು ನನಗೆ ಶಾಲು ತರಬೇಡಿರಿ, ಡ್ರೋನೂ ಬೇಡ. ಅದರ ಬಾಡಿಗೆಯಲ್ಲಿ ಒಂದು ಒಳ್ಳೆಯ ಮೈಕು ಕೊಂಡು ಬನ್ನಿರಿ. ಅವರ ಊರಿಗೆ ನಾನು ಕರೆದೊಯ್ಯುತ್ತೇನೆ.